ಮೆದುಳಿನ ಗಡ್ಡೆಯ ಎಲ್ಲೆಯೂ ಅದನ್ನು ಅರಸಿದ ಕಣ್ಣೂ

ಆರಿದ್ರಾ ಮಳೆ ಹಿಡಿಯಿತೆಂದರೆ ಖಾನಾಪುರ ತಾಲೂಕಿನ ಪಡುವಣ ಕಾಡಿನೊಳಗಿನ ಹಲವು ಹಳ್ಳಿಗಳು ಹೊರಲೋಕಕ್ಕೆ ದೂರವಾಗುವವು. ಹಳ್ಳಕೊಳ್ಳಗಳು ತುಂಬಿ ಹರಿಯುವ ಆ ದಿನಗಳಲ್ಲಿ ರೋಗಿಯನ್ನು ಬಿದಿರಿಗೆ ಕಟ್ಟಿದ ಜೋಲಿಯಲ್ಲಿ ಮಲಗಿಸಿ, ನಾಲ್ವರು ಹೆಗಲುಕೊಟ್ಟು ಮೋಟಾರು ದಾರಿಯವರೆಗೆ ಹೊತ್ತು ತರುವ ಕಷ್ಟವು ಭೀಮಗಡದ ಸುತ್ತಿನ ಜನರಿಗೆ ಈಗಿನ ಕಾಲದಲ್ಲಿಯೂ ಪೂರ್ತಿಯಾಗಿ ತಪ್ಪಿಲ್ಲ. ಅಲ್ಲಿಂದ ಖಾನಾಪುರ, ಖಾನಾಪುರದಿಂದ ಸುಮಾರು ೨೬ ಕಿಲೋಮೀಟರು ದಾರಿ ನಡೆದರೆ ಬೆಳಗಾವಿ. ಹೀಗೆ ಬಂದವನ ತಲೆನೋವಿಗೂ ವಾಂತಿಗೂ ಕೈಸೆಳೆತಕ್ಕೂ ಮೂಲವು ಮೆದುಳಿನೊಳಗೆ ಬೆಳೆದ ಗಡ್ಡೆಯೆಂದು ಗೊತ್ತಾಗಿ, ತಲೆಬುರುಡೆಯನ್ನು ತೆರೆದು ಶಸ್ತ್ರಕ್ರಿಯೆ ನಡೆದು, ಕೆಲವು ತಾಸುಗಳ ತರುವಾಯ ವೈದ್ಯರು ಹೊರಗೆ ಬಂದಾಗ ಬಾಗಿಲಲ್ಲಿ ಕಾದು ನಿಂತ ಮನೆಯವರು ಕೇಳುವ ಮೊದಲ ಮಾತು ಒಂದೇ: "ಸಾಹೇಬರ, ಗಂಟು ಪೂರಾ ತಗದ್ರೇನ್ರಿ?"

ಕೇಳುವವರಿಗೆ ಇದು ಹೌದು ಇಲ್ಲವೆಂಬ ಎರಡು ನುಡಿಗಳಲ್ಲಿ ಮುಗಿಯುವ ಪ್ರಶ್ನೆ. ಉತ್ತರ ಕೊಡಬೇಕಾದವರಿಗೆ ಮಾತ್ರ ಇದರಷ್ಟು ಕಠಿಣವಾದ ಪ್ರಶ್ನೆ ಮತ್ತೊಂದಿಲ್ಲ. ನೂರನಾಲ್ವತ್ತು ವರುಷಗಳಿಂದ ಮೆದುಳಿನ ಶಸ್ತ್ರವೈದ್ಯರೆಲ್ಲರೂ ಈ ಪ್ರಶ್ನೆಯೆದುರಿಗೆ ನಿಂತಿದ್ದಾರೆ. ಅವರು ಕಂಡುಹಿಡಿದ ಉಪಕರಣಗಳಲ್ಲಿ ಬಹುಭಾಗವು ಇದಕ್ಕೆ ಇನ್ನಷ್ಟು ಪ್ರಾಮಾಣಿಕವಾದ ಉತ್ತರವನ್ನು ಕೊಡಲೆಂದೇ ಹುಟ್ಟಿದವು. ಸೂಕ್ಷ್ಮದರ್ಶಕವನ್ನೇ ಒಂದು ಕಡ್ಡಿಯ ತುದಿಯಲ್ಲಿ ಅಡಗಿಸಿ, ತೆರೆದ ಮೆದುಳಿಗೆ ಮುಟ್ಟಿಸಿ, ಅಲ್ಲಿರುವ ಜೀವಕೋಶಗಳು ಗಡ್ಡೆಯವೋ ಮೆದುಳಿನವೋ ಎಂದು ಅಲ್ಲಿಯೇ ನೋಡುವ ವಿದ್ಯೆಯು ಈಚೆಗೆ ಬಂದಿದೆ. ಆ ವಿದ್ಯೆಯವರೆಗೆ ಮನುಷ್ಯನ ಕಣ್ಣು ಯಾವ ದಾರಿಯಿಂದ ಬಂದಿತೆಂಬದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮೊದಲು ತೊಡಕು ಎಲ್ಲಿದೆಯೆಂಬದನ್ನು ತಿಳಿಯಬೇಕು. ತಲೆಯೊಳಗಿನ ಗಡ್ಡೆಗಳೆಲ್ಲ ಒಂದೇ ಬಗೆಯವಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಎಂಬದು ಬಹುಮಟ್ಟಿಗೆ ಹಲಸಿನ ತೊಳೆಯೊಳಗಿನ ಬೀಜವಿದ್ದಂತೆ; ಅದು ಮೆದುಳನ್ನು ಒತ್ತುವದೇ ಹೊರತು ಸಾಮಾನ್ಯವಾಗಿ ಅದರಲ್ಲಿ ಬೆರೆಯುವದಿಲ್ಲ. ನರಕೋಶಗಳಿಗೆ ಆಧಾರವಾಗಿರುವ ಗ್ಲಯಾ ಎಂಬ ಕೋಶಗಳ ಜಾತಿಯಿಂದ ಹುಟ್ಟುವ ಗ್ಲಯೋಮಾದ ರೀತಿಯೇ ಬೇರೆ. ಅದು ನೀರಿಗೆ ಬಿದ್ದ ಹಾಲಿನಂತೆ. ನಡುವೆ ದಟ್ಟ, ಬರಬರುತ್ತ ತೆಳು, ಎಲ್ಲಿ ಹಾಲು ಮುಗಿದು ಬರಿಯ ನೀರು ಮೊದಲಾಯಿತೆಂದು ಬೆರಳಿಟ್ಟು ತೋರಿಸಲು ಬಾರದು. ದೇಹದ ಬೇರೆ ಭಾಗದಲ್ಲಿಯಾದರೆ ಶಸ್ತ್ರವೈದ್ಯನು ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಮಾಂಸವನ್ನೂ ಸೇರಿಸಿ ಕೊಯ್ದು ನಿಶ್ಚಿಂತನಾಗಬಹುದು. ಮೆದುಳಿನಲ್ಲಿ ಆ ಔದಾರ್ಯಕ್ಕೆ ಎಡೆಯಿಲ್ಲ. ಇಲ್ಲಿ ಬೆರಳಗಲ ಹೆಚ್ಚು ತೆಗೆದರೆ ಮಾತು ಹೋದೀತು, ಬಲಗೈ ಹೋದೀತು. ಬೆರಳಗಲ ಬಿಟ್ಟರೆ ಗಡ್ಡೆಯು ಅಲ್ಲಿಂದಲೇ ಮತ್ತೆ ಚಿಗುರುವದು. ಗಡಿನಾಡಿನವರಾದ ನಮಗೆ ಇಂಥ ತೊಡಕು ಅರ್ಥವಾಗದೆ ಇರದು. ನಕಾಶೆಯ ಮೇಲೆ ಗೆರೆ ಎಳೆಯುವದು ಸುಲಭ. ಎರಡು ನುಡಿಗಳು ಒಂದೇ ಓಣಿಯಲ್ಲಿ ಬೆರೆತು ಬಾಳುವ ಊರಿನಲ್ಲಿ ಆ ಗೆರೆಯನ್ನು ನೆಲದ ಮೇಲೆ ತೋರಿಸುವದು ಕಷ್ಟ.

ಆಧುನಿಕ ಕಾಲದಲ್ಲಿ ಇಂಥ ಶಸ್ತ್ರಕ್ರಿಯೆಯ ಆರಂಭವನ್ನು ಹೇಳುವವರು ಎರಡು ಪ್ರಸಂಗಗಳನ್ನು ನೆನೆಯುವದುಂಟು. ೧೮೭೯ನೆಯ ಇಸವಿಯಲ್ಲಿ ಗ್ಲಾಸ್ಗೋ ಪಟ್ಟಣದ ವಿಲಿಯಂ ಮೆಕ್ಯೂಯೆನ್ ಎಂಬ ವೈದ್ಯನು ಹದಿನಾಲ್ಕು ವರುಷದ ಹುಡುಗಿಯೊಬ್ಬಳ ತಲೆಯೊಳಗಿನ ಹೊದಿಕೆಯ ಗಡ್ಡೆಯನ್ನು ತೆಗೆದನು. ಅವಳು ಮುಂದೆ ಎಂಟು ವರುಷ ಬಾಳಿ, ಮೂತ್ರಪಿಂಡದ ಬೇರೊಂದು ರೋಗದಿಂದ ತೀರಿಕೊಂಡಳು. ೧೮೮೪ನೆಯ ಇಸವಿಯ ನವೆಂಬರ ೨೫ರಂದು ಲಂಡನ್ನಿನಲ್ಲಿ ರಿಕ್ಮನ್ ಗಾಡ್ಲೀ ಎಂಬವನು ಇಪ್ಪತ್ತೈದು ವರುಷದ ಒಕ್ಕಲಿಗನೊಬ್ಬನ ಮೆದುಳಿನೊಳಗಿಂದಲೇ ಗ್ಲಯೋಮಾವನ್ನು ತೆಗೆದನು. ಕ್ಷಕಿರಣವಿನ್ನೂ ಹುಟ್ಟಿರದ ಕಾಲವದು. ರೋಗಿಯ ಎಡಗೈಯ ಸೆಳೆತವನ್ನೂ ನಿಶ್ಶಕ್ತಿಯನ್ನೂ ಪರೀಕ್ಷಿಸಿದ ಹ್ಯೂಸ್ ಬೆನೆಟ್ ಎಂಬ ವೈದ್ಯನು, ತಲೆಯ ಮೇಲೆ ಯಾವ ಉಬ್ಬಿನ ಗುರುತೂ ಇಲ್ಲದಿರಲು, ಗಡ್ಡೆಯು ಇಂಥಲ್ಲಿಯೇ ಇದೆಯೆಂದು ತರ್ಕದಿಂದ ಹೇಳಿದ್ದನು. ಬುರುಡೆ ತೆರೆದಾಗ ಅದು ಅಲ್ಲಿಯೇ ಇದ್ದಿತು. ಆದರೆ ರೋಗಿಯು ಉಳಿಯಲಿಲ್ಲ. ಗಾಯಕ್ಕೆ ನಂಜೇರಿ ಇಪ್ಪತ್ತೆಂಟನೆಯ ದಿನ ಮರಣ ಹೊಂದಿದನು. ಗಡ್ಡೆಯು ಎಲ್ಲಿದೆಯೆಂಬದನ್ನು ಬುದ್ಧಿಯು ಕಂಡುಕೊಂಡಿತ್ತು. ಅದು ಎಲ್ಲಿ ಮುಗಿಯುವದೆಂಬದನ್ನು ತಿಳಿಯಲು ಗಾಡ್ಲೀಗೆ ತನ್ನ ಬರಿಗಣ್ಣು, ತನ್ನ ಬೆರಳು ಇವುಗಳ ಹೊರತು ಬೇರೆ ಸಾಧನವಿರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೇರಿಕೆಯ ಹಾರ್ವೆ ಕುಶಿಂಗನು ಈ ಶಾಸ್ತ್ರಕ್ಕೆ ಶಿಸ್ತನ್ನು ತಂದನು. ೧೯೨೬ರಲ್ಲಿ ಅವನೂ ಪರ್ಸಿವಲ್ ಬೈಲಿಯೂ ಕೂಡಿ ಗ್ಲಯೋಮಾಗಳನ್ನು ಜೀವಕೋಶದ ರೂಪದ ಮೇಲಿಂದ ವರ್ಗೀಕರಿಸಿದರು. ಅದೇ ವರುಷ ಕುಶಿಂಗನು ವಿದ್ಯುತ್ತಿನಿಂದ ರಕ್ತಸ್ರಾವವನ್ನು ತಡೆಯುವ ಉಪಕರಣವನ್ನು ಮೆದುಳಿನ ಶಸ್ತ್ರಕ್ರಿಯೆಯಲ್ಲಿ ಬಳಸತೊಡಗಿದನು. ೧೯೩೧ರಲ್ಲಿ ಅವನ ಎರಡು ಸಾವಿರದನೆಯ ಗಡ್ಡೆಯ ಶಸ್ತ್ರಕ್ರಿಯೆ ನಡೆಯಿತು. ಈ ಎಣಿಕೆಯಲ್ಲಿ ಅವನು ಸೇರಿಸಿದ್ದು ಸೂಕ್ಷ್ಮದರ್ಶಕದಿಂದ ಸಿದ್ಧಪಟ್ಟ ಗಡ್ಡೆಗಳನ್ನು ಮಾತ್ರ ಎಂಬದು ಗಮನಿಸತಕ್ಕ ಸಂಗತಿ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ನಮ್ಮ ಗಾದೆಯನ್ನು ಅವನು ಕೇಳಿರಲಾರ. ಆದರೆ ಅದನ್ನು ಅವನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ವಿರಳ.

ಆ ಪ್ರಮಾಣದ ಭಾರವನ್ನು ಹೊತ್ತವಳು ಲೂಯಿಸ್ ಐಸೆನ್‌ಹಾರ್ಟ್ ಎಂಬ ಮಹಿಳೆ. ಕುಶಿಂಗನ ಬಳಿಗೆ ಬರಹದ ಕೆಲಸಕ್ಕೆಂದು ಬಂದವಳು ಮುಂದೆ ವೈದ್ಯವಿದ್ಯೆಯನ್ನು ಕಲಿತು, ಮೆದುಳಿನ ಗಡ್ಡೆಗಳ ಕೋಶಗಳನ್ನು ಗುರುತಿಸುವದರಲ್ಲಿ ಅದ್ವಿತೀಯಳೆನಿಸಿಕೊಂಡಳು. ೧೯೩೦ರಲ್ಲಿ ಅವಳೂ ಕುಶಿಂಗನೂ ಒಂದು ಹೊಸ ರೀತಿಯನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆ ನಡೆದಿರುವಾಗಲೇ ಗಡ್ಡೆಯ ಸಾಸಿವೆಯಷ್ಟು ತುಣುಕನ್ನು ಗಾಜಿನ ಮೇಲಿಟ್ಟು, ಹಸಿಯಾಗಿರುವಾಗಲೇ ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ಜಾತಿಯದೆಂದು ಸ್ವಲ್ಪ ಹೊತ್ತಿನಲ್ಲಿಯೇ ಹೇಳಿಕಳಿಸುವ ರೀತಿಯದು. ೧೯೩೭ರಲ್ಲಿ ಇಂಗ್ಲೆಂಡಿನ ಡೊರೊಥಿ ರಸೆಲ್ ಮತ್ತು ಅವಳ ಸಹೋದ್ಯೋಗಿಗಳು ಇಂಥದೇ ಪದ್ಧತಿಯನ್ನು ಬಲಪಡಿಸಿದರು. ತುಣುಕನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ ತೆಳುವಾಗಿ ಕೊಯ್ದು ನೋಡುವ ಪದ್ಧತಿಯನ್ನು ಅಮೇರಿಕೆಯ ಮೇಯೊ ದವಾಖಾನೆಯಲ್ಲಿ ಲೂಯಿ ವಿಲ್ಸನ್ನನು ೧೯೦೫ರಲ್ಲಿಯೇ ಪ್ರಕಟಿಸಿದ್ದನು. ಮೆದುಳಿನ ತುಣುಕು ಬೆಣ್ಣೆಯಂತೆ ಮೆತ್ತಗಿರುವದರಿಂದ ಅದನ್ನು ಎರಡು ಗಾಜುಗಳ ನಡುವೆ ಹಿಚುಕಿ ಹರಡುವದೇ ಸುಲಭವಾದ ಹಾದಿ. ಇಂದಿಗೂ ನಮ್ಮ ದೇಶದ ದವಾಖಾನೆಗಳಲ್ಲಿ, ಶಸ್ತ್ರಕ್ರಿಯೆಯ ನಡುವೆ ನಿರ್ಣಯ ಹೇಳಲು ಈ ಎರಡು ರೀತಿಗಳೇ ಮುಖ್ಯ ಆಧಾರ.

ಇಷ್ಟಾದರೂ ಮೊದಲಿನ ಪ್ರಶ್ನೆ ಹಾಗೆಯೇ ಉಳಿಯಿತು. ತುಣುಕು ಯಾವ ಜಾತಿಯದೆಂಬದನ್ನು ಸೂಕ್ಷ್ಮದರ್ಶಕವು ಹೇಳಿತು. ತುಣುಕನ್ನು ತೆಗೆದ ಜಾಗದ ಆಚೆಗೆ ಏನಿದೆಯೆಂಬದನ್ನು ಹೇಳಬೇಕಾದರೆ ಮತ್ತೊಂದು ತುಣುಕನ್ನು ಕೀಳಬೇಕು. ಮಾತನಾಡಿಸುವ, ಕೈಯಾಡಿಸುವ ಮೆದುಳಿನಿಂದ ಹೀಗೆ ತುಣುಕಿನ ಮೇಲೆ ತುಣುಕು ಕೀಳುತ್ತ ಹೋಗಲು ಯಾರ ಕೈ ಬಂದೀತು? ೧೯೨೮ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಧೀರನು, ಗಡ್ಡೆಯ ಎಲ್ಲೆ ತಿಳಿಯದಿದ್ದರೆ ಆ ಬದಿಯ ಮೆದುಳನ್ನೇ ತೆಗೆದುಬಿಡೋಣವೆಂದು, ಆಗಲೇ ಒಂದು ಪಾರ್ಶ್ವ ಬಿದ್ದುಹೋಗಿದ್ದ ಕೆಲವು ರೋಗಿಗಳ ಬಲ ಅರ್ಧಗೋಲವನ್ನು ತೆಗೆದ ಸಂಗತಿಯನ್ನು ಪ್ರಕಟಿಸಿದನು. ಅಷ್ಟು ದೊಡ್ಡ ಸಾಹಸದಿಂದಲೂ ಗ್ಲಯೋಮಾವು ನಿರ್ಮೂಲವಾಗುವದಿಲ್ಲವೆಂದು ಮುಂದಿನ ಅನುಭವವು ತೋರಿಸಿತು. ಎಲ್ಲೆಯನ್ನು ಕಾಣದೆ ಕೊಯ್ಯುವದಕ್ಕೆ ಎಷ್ಟು ಧೈರ್ಯವಿದ್ದರೂ ಸಾಲದೆಂಬ ಪಾಠವನ್ನು ಆ ಕಾಲವು ಕಲಿಸಿತು. ಆದುದರಿಂದ ತುಣುಕನ್ನು ಸೂಕ್ಷ್ಮದರ್ಶಕದ ಬಳಿಗೆ ಒಯ್ಯುವದರ ಬದಲು ಸೂಕ್ಷ್ಮದರ್ಶಕವನ್ನೇ ರೋಗಿಯ ಬಳಿಗೆ ತರುವ ಯೋಚನೆ ಮುಂದಾಯಿತು.

ಈ ಪ್ರಯಾಣದಲ್ಲಿ ಎರಡು ದಾರಿಗಳಿದ್ದವು. ಮೊದಲನೆಯದು ದೊಡ್ಡ ಸೂಕ್ಷ್ಮದರ್ಶಕವನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ತೂಗಬಿಡುವ ದಾರಿ. ೧೯೨೧ರಲ್ಲಿ ಸ್ಟಾಕ್‌ಹೋಮಿನ ಕಾರ್ಲ್ ನೈಲೆನ್ ಎಂಬ ಕಿವಿಯ ವೈದ್ಯನು ಇದನ್ನು ಮೊದಲು ಮಾಡಿದನು. ೧೯೫೩ರಲ್ಲಿ ಜರ್ಮನಿಯ ತ್ಸೈಸ್ ಕಾರಖಾನೆಯು ಶಸ್ತ್ರಕ್ರಿಯೆಗೆಂದೇ ಸೂಕ್ಷ್ಮದರ್ಶಕವನ್ನು ತಯಾರಿಸಿ ಹೊರತಂದಿತು. ೧೯೫೭ರಲ್ಲಿ ಕ್ಯಾಲಿಫೋರ್ನಿಯಾದ ಥಿಯೊಡರ್ ಕರ್ಝ್ ಅದನ್ನು ನರಶಸ್ತ್ರಚಿಕಿತ್ಸೆಗೆ ತಂದನು. ೧೯೬೭ರಿಂದ ಝೂರಿಚ್ ನಗರದಲ್ಲಿ ಗಾಝಿ ಯಾಸರ್ಗಿಲ್ಲನು ಅದರಿಂದ ಮಾಡಿ ತೋರಿಸಿದ ಕೆಲಸವು ಇಡೀ ಶಾಸ್ತ್ರದ ಮುಖವನ್ನೇ ಬದಲಿಸಿತು. ಕೂದಲೆಳೆಯಂಥ ರಕ್ತನಾಳಗಳು ಹಗ್ಗದಂತೆ ಕಾಣತೊಡಗಿದವು. ಆದರೆ ಮೇಲಿನಿಂದ ನೋಡುವ ಈ ಸೂಕ್ಷ್ಮದರ್ಶಕವು ಹತ್ತಿಪ್ಪತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದು. ರಕ್ತನಾಳವನ್ನು ಅದು ತೋರಿಸಬಲ್ಲದು, ಜೀವಕೋಶವನ್ನು ತೋರಿಸಲಾರದು.

ಎರಡನೆಯದು ಕಿರಿದಾದ ದಾರಿ. ಕೊಳವೆಯ ಮೂಲಕ ದೇಹದ ಒಳಹೊಕ್ಕು ನೋಡುವ ದಾರಿ. ಇದರ ಮೂಲಪುರುಷನು ಫ್ರಾಂಕ್‌ಫರ್ಟಿನ ಫಿಲಿಪ್ ಬೊಝೀನಿ. ೧೮೦೬ರ ಸುಮಾರಿಗೆ ಅವನು ಮೇಣದಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಗೆ ಹೊರಳಿಸಿ, ದೇಹದ ರಂಧ್ರಗಳ ಒಳಗನ್ನು ನೋಡುವ ಸಾಧನವೊಂದನ್ನು ಮಾಡಿದನು. ಆ ಶತಮಾನದ ಕೊನೆಯ ಭಾಗದಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಝೆ ಎಂಬವನು ಮೂತ್ರಾಶಯವನ್ನು ನೋಡಲು ಬರುವ ಕೊಳವೆಯನ್ನು ಬಳಕೆಗೆ ತಂದನು. ಈಗ ಇಂಥ ಕೊಳವೆಗೆ ಎಂಡೋಸ್ಕೋಪ್ ಎನ್ನುವರು. ನಾವು ಇಲ್ಲಿ ಅದನ್ನು ಅಂತರ್ದರ್ಶಕವೆಂದು ಕರೆಯೋಣ. ಮೂತ್ರರೋಗದ ಈ ಕೊಳವೆಯೇ ಮೆದುಳಿನೊಳಗೆ ಹೊಕ್ಕ ಮೊದಲ ಅಂತರ್ದರ್ಶಕವೆಂಬದು ಅಚ್ಚರಿಯ ಸಂಗತಿ. ೧೯೧೦ರಲ್ಲಿ ಶಿಕಾಗೋದ ಮೂತ್ರರೋಗತಜ್ಞ ವಿಕ್ಟರ್ ಲೆಸ್ಪಿನಾಸ್ ತಲೆಯಲ್ಲಿ ನೀರು ತುಂಬಿದ್ದ ಎರಡು ಕೂಸುಗಳ ಮೆದುಳಿನ ಕುಹರದಲ್ಲಿ ಅದನ್ನಿಳಿಸಿ ಚಿಕಿತ್ಸೆ ಮಾಡಿದನು. ಒಂದು ಆಗಲೇ ತೀರಿತು, ಇನ್ನೊಂದು ಐದು ವರುಷ ಬದುಕಿತು. ಮೇಲೆ ಹೇಳಿದ ಡ್ಯಾಂಡಿಯು ೧೯೨೨ರಲ್ಲಿ, ಬೋಸ್ಟನ್ನಿನ ವಿಲಿಯಂ ಮಿಕ್ಸ್ಟರನು ೧೯೨೩ರಲ್ಲಿ ಇದೇ ದಾರಿ ಹಿಡಿದರು. ಆದರೆ ಬೆಳಕು ಮಂಕು, ಚಿತ್ರ ಮಸುಕು. ಆದುದರಿಂದ ಬಹುಕಾಲ ಈ ವಿದ್ಯೆ ಹಿಂದೆ ಬಿದ್ದಿತು.

೧೯೫೯ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ ಎಂಬ ಭೌತಶಾಸ್ತ್ರಜ್ಞನು ಒಂದು ಯುಕ್ತಿ ಮಾಡಿದನು. ಅದುವರೆಗೆ ಕೊಳವೆಯಲ್ಲಿ ಗಾಳಿಯೇ ಹೆಚ್ಚು, ನಡುನಡುವೆ ತೆಳುವಾದ ಮಸೂರಗಳು. ಹಾಪ್ಕಿನ್ಸನು ಕೊಳವೆಯ ತುಂಬ ಗಾಜಿನ ಕಡ್ಡಿಗಳನ್ನೇ ಜೋಡಿಸಿ, ಅವುಗಳ ನಡುವಿನ ಕಿರಿದಾದ ಗಾಳಿಯ ಸಂದನ್ನೇ ಮಸೂರದಂತೆ ಬಳಸಿದನು. ಬೆಳಕು ಹಲವು ಪಟ್ಟು ಹೆಚ್ಚಿತು, ಚಿತ್ರವು ತಿಳಿಯಾಯಿತು. ಆ ತಿಳಿಚಿತ್ರವು ಕೈಗೂಡಿದ ಮೇಲೆ, ಅದನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಬಾರದೇಕೆಂಬ ವಿಚಾರ ಸಹಜವಾಗಿಯೇ ಬಂದಿತು. ಸುಮಾರು ೧೯೮೦ರ ಹೊತ್ತಿಗೆ ಪ್ಯಾರಿಸ್ಸಿನ ಹಮೂ ಎಂಬ ಸ್ತ್ರೀರೋಗತಜ್ಞನು ನೂರೈವತ್ತು ಪಟ್ಟಿನವರೆಗೆ ಹಿಗ್ಗಿಸುವ ಅಂತರ್ದರ್ಶಕವನ್ನು ಗರ್ಭಕೋಶದ ಪರೀಕ್ಷೆಗಾಗಿ ರೂಪಿಸಿದನು. ಅದರ ತುದಿಯನ್ನು ಅಂಗಕ್ಕೆ ಮುಟ್ಟಿಸಿ ಹಿಡಿದು, ನೀಲಿ ಬಣ್ಣವನ್ನು ಸವರಿದರೆ, ಮೇಲ್ಪದರದ ಜೀವಕೋಶಗಳು ತಮ್ಮ ಬೀಜಗಳ ಸಹಿತ ಕಾಣಿಸುವವು. ೧೯೯೫ರಲ್ಲಿ ಲಿಸ್ಬನ್ ನಗರದ ಮಾರಿಯೋ ಆಂದ್ರೆಯಾ ಇದರಿಂದ ಗಂಟಲಿನ ಕೋಶಗಳನ್ನು ನೋಡಿದನು. ಈ ಮುಟ್ಟಿನೋಡುವ ಕ್ರಮವನ್ನು ಬರಬರುತ್ತ ಮೆದುಳಿನ ಗಡ್ಡೆಗಳಿಗೂ ಅನ್ವಯಿಸಿ ನೋಡಿದರು. ಇಲ್ಲಿ ತುಣುಕನ್ನು ಕೀಳದೆ, ಜೀವಂತವಾದ ಅಂಗದ ಮೇಲೆಯೇ ಕೋಶವು ಗೋಚರವಾಯಿತು.

ಇದರ ಜೊತೆಗೆ ಬೆಳಕಿನ ಉಪಾಯವೂ ಬೆಳೆಯುತ್ತಿತ್ತು. ರೋಗಿಯ ರಕ್ತಕ್ಕೆ ಫ್ಲೋರೆಸೀನ್ ಎಂಬ ಹಳದಿ ಬಣ್ಣವನ್ನು ಸೇರಿಸಿದರೆ ಅದು ಗಡ್ಡೆಯಲ್ಲಿ ಹೆಚ್ಚಾಗಿ ಇಂಗಿ ಹೊಳೆಯುವದೆಂದು ಮಿನೆಸೋಟಾದ ಜಾರ್ಜ್ ಮೂರ್ ೧೯೪೮ರ ಹೊತ್ತಿಗೆ ತೋರಿಸಿದ್ದನು. ಅರ್ಧ ಶತಮಾನದ ಮೇಲೆ ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಅವನ ಸಂಗಡಿಗರು ಬೇರೊಂದು ದ್ರವ್ಯವನ್ನು ಕೈಕೊಂಡರು. ಅಮಿನೋಲೆವುಲಿನಿಕ್ ಆಮ್ಲವೆಂಬ ಆ ಔಷಧವನ್ನು ರೋಗಿಯು ಮೊದಲೇ ಕುಡಿದಿದ್ದರೆ, ನೇರಿಳೆ ಬೆರೆತ ನೀಲಿ ಬೆಳಕಿನಲ್ಲಿ ಗಡ್ಡೆಯು ಕೆಂಡದಂತೆ ಕೆಂಪಾಗಿ ಕಾಣುವದು. ೨೦೦೬ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ೩೨೨ ರೋಗಿಗಳು ಸೇರಿದ್ದರು. ಸಾದಾ ಬೆಳಕಿನಲ್ಲಿ ಶಸ್ತ್ರಕ್ರಿಯೆ ಮಾಡಿದವರಲ್ಲಿ ನೂರಕ್ಕೆ ೩೬ ಮಂದಿಯ ಗಡ್ಡೆಯ ಕಾಣುವ ಭಾಗವು ಪೂರ್ತಿಯಾಗಿ ಹೋಗಿದ್ದರೆ, ಕೆಂಪು ಹೊಳಪನ್ನು ನೋಡಿ ಮಾಡಿದವರಲ್ಲಿ ನೂರಕ್ಕೆ ೬೫ ಮಂದಿಯದು ಹೋಗಿತ್ತು. ಆರು ತಿಂಗಳಾದರೂ ರೋಗವು ಮುಂದುವರಿಯದೆ ಇದ್ದವರು ಮೊದಲಿನ ಗುಂಪಿನಲ್ಲಿ ನೂರಕ್ಕೆ ೨೧, ಎರಡನೆಯದರಲ್ಲಿ ೪೧. ಚೆನ್ನಾಗಿ ಕಂಡರೆ ರೋಗಿಗೆ ನಿಜವಾದ ಲಾಭವುಂಟೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ದಟ್ಟವಾದ ಗಡ್ಡೆಯು ಹೊಳೆದಷ್ಟು ಅದರ ತೆಳುವಾದ ಅಂಚು ಹೊಳೆಯುವದಿಲ್ಲ. ಮಂದವಾಗಿ ಬೆಳೆಯುವ ಗ್ಲಯೋಮಾಗಳು ಬರಿಗಣ್ಣಿಗೆ ಹೊಳೆಯದೆಯೇ ಇರುವದುಂಟು.

ಎರಡು ದಾರಿಗಳೂ ಈ ಬೆಳಕಿನ ಉಪಾಯವೂ ಒಂದುಗೂಡಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಇದಕ್ಕೆ ಬೇಕಾದ ತತ್ವವನ್ನು ಅಮೇರಿಕೆಯ ಮಾರ್ವಿನ್ ಮಿನ್ಸ್ಕಿ ೧೯೫೭ರಲ್ಲಿಯೇ ಸನ್ನದಿಗಾಗಿ ಬರೆದು ಸಲ್ಲಿಸಿದ್ದನು. ದಪ್ಪವಾದ ವಸ್ತುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲಿನ ಕೆಳಗಿನ ಪದರಗಳ ಬೆಳಕೆಲ್ಲ ಕೂಡಿ ಮಂಜು ಕವಿದಂತಾಗುವದು. ಮಿನ್ಸ್ಕಿಯು ಸೂಜಿಮೊನೆಯಂಥ ರಂಧ್ರವೊಂದನ್ನು ಅಡ್ಡವಿಟ್ಟು, ಬೇಕಾದ ಒಂದು ಬಿಂದುವಿನ ಬೆಳಕು ಮಾತ್ರ ಕಣ್ಣಿಗೆ ತಲಪುವಂತೆಯೂ ಉಳಿದುದೆಲ್ಲ ತಡೆದು ನಿಲ್ಲುವಂತೆಯೂ ಮಾಡಿದನು. ಹೀಗೆ ಒಂದೊಂದೇ ಬಿಂದುವನ್ನು ಸಾಲಾಗಿ ನೋಡುತ್ತ ಹೋದರೆ, ವಸ್ತುವನ್ನು ಕೊಯ್ಯದೆಯೇ ಅದರೊಳಗಿನ ಒಂದು ಪದರದ ಚಿತ್ರ ಸಿಗುವದು. ಮುಂದೆ ಲೇಸರ್ ಬೆಳಕೂ ಕೂದಲಿನಂಥ ಗಾಜಿನ ತಂತುಗಳೂ ಬಂದ ಮೇಲೆ ಈ ಯಂತ್ರವನ್ನು ಪೆನ್ಸಿಲ್ಲಿನ ಗಾತ್ರಕ್ಕೆ ಇಳಿಸಲು ಸಾಧ್ಯವಾಯಿತು. ೨೦೦೪ರಲ್ಲಿ ಜರ್ಮನಿಯ ಮೈಂಝ್ ನಗರದ ವೈದ್ಯರು ದೊಡ್ಡ ಕರುಳಿನಲ್ಲಿ ಇದನ್ನು ಬಳಸಿದ ಸಂಗತಿ ಪ್ರಕಟವಾಯಿತು. ೨೦೧೧ ಮತ್ತು ೨೦೧೨ರಲ್ಲಿ ಅಮೇರಿಕೆಯ ಫೀನಿಕ್ಸ್ ನಗರದ ಬ್ಯಾರೋ ನರವಿಜ್ಞಾನ ಸಂಸ್ಥೆಯವರು ಮೆದುಳಿನ ಶಸ್ತ್ರಕ್ರಿಯೆಯಲ್ಲಿ ಇದರ ಪ್ರಯೋಗವನ್ನು ವರದಿ ಮಾಡಿದರು. ಎರಡನೆಯ ವರದಿಯಲ್ಲಿ ಐವತ್ತು ರೋಗಿಗಳ ಸಂಗತಿಯಿದೆ. ರೋಗಿಗೆ ಫ್ಲೋರೆಸೀನ್ ಕೊಟ್ಟು, ಈ ಕಡ್ಡಿಯ ತುದಿಯನ್ನು ಗಡ್ಡೆಗೂ ಅದರ ಅಂಚಿಗೂ ಮೆಲ್ಲನೆ ಮುಟ್ಟಿಸಿದರೆ, ಸುಮಾರು ಸಾವಿರ ಪಟ್ಟು ಹಿಗ್ಗಿದ ಕೋಶಗಳ ಚಿತ್ರವು ಪರದೆಯ ಮೇಲೆ ಮೂಡುವದು. ದಟ್ಟವಾಗಿ ಮುತ್ತಿದ ವಿಕಾರವಾದ ಕೋಶಗಳು ಗಡ್ಡೆಯವು. ವಿರಳವಾಗಿ ನೆಮ್ಮದಿಯಿಂದ ನೆಲೆಸಿದವು ಮೆದುಳಿನವು. ಐಸೆನ್‌ಹಾರ್ಟಳ ಮೇಜು ಈಗ ಮೆದುಳಿನ ಮೇಲೆಯೇ ಬಂದು ಕುಳಿತಂತಾಯಿತು.

ಈ ಉಪಕರಣಕ್ಕೆ ಮಿತಿಗಳೂ ಇವೆ. ಅದು ಒಂದು ಸಲಕ್ಕೆ ನೋಡುವ ಕ್ಷೇತ್ರವು ಒಂದು ಮಿಲಿಮೀಟರಿನ ಅರ್ಧದಷ್ಟು ಅಗಲ ಮಾತ್ರ. ಆಳವೋ ಅದಕ್ಕಿಂತ ಕಡಿಮೆ. ಒಂದು ಹೊಲದ ಬೆಳೆಯನ್ನು ಒಂದು ತೆನೆಯಿಂದ ಅಳೆದಂತೆ, ಹತ್ತಾರು ಕಡೆ ಮುಟ್ಟಿಸಿ ನೋಡಬೇಕು. ಉಸಿರಾಟದಿಂದಲೂ ನಾಡಿಬಡಿತದಿಂದಲೂ ಮೆದುಳು ಸದಾ ಅಲುಗುತ್ತಿರುವದು. ಕೈ ತುಸು ನಡುಗಿದರೆ ಚಿತ್ರ ಕದಡುವದು. ಒಂದು ಹನಿ ರಕ್ತ ಅಡ್ಡಬಂದರೆ ಎಲ್ಲವೂ ಮರೆಯಾಗುವದು. ಇದೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಚಿತ್ರವು ತಾನಾಗಿ ಏನನ್ನೂ ಹೇಳದು. ಅದನ್ನು ಓದಬಲ್ಲ ರೋಗಶಾಸ್ತ್ರಜ್ಞರು ಬೇಕು. ಈ ಕೊರತೆಯನ್ನು ತುಂಬಲು ಯಂತ್ರಕ್ಕೇ ಓದು ಕಲಿಸುವ ಯತ್ನವೂ ನಡೆದಿದೆ. ೨೦೨೦ರಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಪರೀಕ್ಷೆಯಲ್ಲಿ ೨೭೮ ರೋಗಿಗಳ ಗಡ್ಡೆಯ ತುಣುಕುಗಳನ್ನು ಬೇರೊಂದು ಬಗೆಯ ಲೇಸರ್ ಚಿತ್ರಣದಿಂದ ನೋಡಿ, ಗಣಕಯಂತ್ರವು ಎರಡೂವರೆ ನಿಮಿಷದೊಳಗೆ ನಿರ್ಣಯ ಹೇಳಿತು. ಯಂತ್ರದ ನಿರ್ಣಯವು ನೂರಕ್ಕೆ ೯೪.೬ರಷ್ಟು ಸರಿ, ರೋಗಶಾಸ್ತ್ರಜ್ಞರದು ೯೩.೯ರಷ್ಟು ಸರಿ. ಅಂದರೆ ಇಬ್ಬರೂ ಸರಿಸಮಾನರು. ಇಬ್ಬರೂ ತಪ್ಪಬಹುದೆಂಬ ಮಾತೂ ಈ ಅಂಕಿಗಳಲ್ಲಿಯೇ ಇದೆ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವು ೧೯೪೯ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರಿಂದ ಆರಂಭವಾಯಿತು. ೧೯೫೦ರಲ್ಲಿ ಮದ್ರಾಸಿನಲ್ಲಿ ಡಾಕ್ಟರ್ ಬಿ. ರಾಮಮೂರ್ತಿಯವರು ಕೆಲಸಕ್ಕೆ ತೊಡಗಿದರು. ೧೯೫೧ರಲ್ಲಿ ಭಾರತೀಯ ನರವಿಜ್ಞಾನ ಸಂಘವು ಸ್ಥಾಪಿತವಾಯಿತು. ಕನ್ನಡ ನಾಡಿನಲ್ಲಿ ೧೯೫೪ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿ, ೧೯೫೮ರಲ್ಲಿ ಡಾಕ್ಟರ್ ಆರ್. ಎಂ. ವರ್ಮರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ನೆಲೆಗೊಳಿಸಿದರು. ಅದೇ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಎನಿಸಿತು. ಇಂದು ಮೆದುಳಿನ ರೋಗವೆಂದರೆ ಬೀದರದಿಂದ ಚಾಮರಾಜನಗರದವರೆಗಿನ ಜನರ ಬಾಯಲ್ಲಿ ಮೊದಲು ಬರುವ ಹೆಸರು ಅದೇ.

ಬೆಳಗಾವಿಯ ಸ್ಥಿತಿ ತುಸು ಬೇರೆ. ೧೯೫೬ರವರೆಗೆ ಈ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. ದೊಡ್ಡ ರೋಗವೆಂದರೆ ಜನರ ಮುಖ ಸಹಜವಾಗಿಯೇ ಪುಣೆ ಮುಂಬಯಿಗಳ ಕಡೆಗೆ ತಿರುಗುತ್ತಿತ್ತು. ಅದಕ್ಕಿಂತ ಹತ್ತಿರ, ರೈಲಿನ ದಾರಿಯಲ್ಲಿಯೇ, ೧೮೯೪ರಲ್ಲಿ ಡಾಕ್ಟರ್ ವಾನ್ಲೆಸ್ಸರು ಸ್ಥಾಪಿಸಿದ ಮಿರಜದ ಮಿಶನ್ ದವಾಖಾನೆಯಿತ್ತು. ಏಕೀಕರಣದ ಮರುವರುಷ ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ೧೯೧೬ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿ‍ಕ್ಷಣ ಸಂಸ್ಥೆಯು ೧೯೬೩ರಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಅದಕ್ಕೆ ಸೇರಿದ ದೊಡ್ಡ ಆಸ್ಪತ್ರೆಯು ನೆಹರು ನಗರದಲ್ಲಿದೆ. ಅಲ್ಲಿ ಇಂದು ನರಶಸ್ತ್ರಚಿಕಿತ್ಸೆಯ ವಿಭಾಗವುಂಟು. ಹಳೆಯ ಜಿಲ್ಲಾ ಆಸ್ಪತ್ರೆಯನ್ನು ಆಧಾರವಾಗಿಟ್ಟುಕೊಂಡು ಸರಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ೨೦೦೫ರಿಂದ ಬೆಳೆದುಬಂದಿದೆ. ಒಂದು ಕಾಲಕ್ಕೆ ಮೆದುಳಿನ ಗಡ್ಡೆಯೆಂದರೆ ವೆಲ್ಲೂರಿಗೋ ಮುಂಬಯಿಗೋ ಸಾಲಮಾಡಿ ಹೋಗಬೇಕಾಗಿದ್ದ ಖಾನಾಪುರದವನಿಗೆ ಇಂದು ೨೬ ಕಿಲೋಮೀಟರಿನಲ್ಲಿ ತಲೆ ತೆರೆದು ನೋಡಬಲ್ಲ ವೈದ್ಯರಿದ್ದಾರೆ. ಇದು ಅರುವತ್ತು ವರುಷಗಳ ವಿದ್ಯಾದಾನದ ಫಲವು. ಇದನ್ನು ನಾವು ಅಲ್ಪವೆಂದು ಎಣಿಸಬಾರದು.

ಹೊಸ ಅಂತರ್ದರ್ಶಕಗಳು ಬಹು ಬೆಲೆಯುಳ್ಳವು. ಅವು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಿಗೆ ಮೊದಲು ಬರುವವು, ಜಿಲ್ಲೆಗಳಿಗೆ ಆಮೇಲೆ. ಆದರೆ ಈ ಇತಿಹಾಸದಿಂದ ನಮ್ಮ ಜಿಲ್ಲೆಯವರು ಕಲಿಯಬೇಕಾದ ಒಂದು ವಿಷಯವುಂಟು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಉಪಕರಣದ ಜೊತೆಗೆ ಅದನ್ನು ಓದಬಲ್ಲ ಮನುಷ್ಯರಿದ್ದರು. ಕುಶಿಂಗನ ಕತ್ತಿಗೆ ಐಸೆನ್‌ಹಾರ್ಟಳ ಕಣ್ಣು ಜೊತೆಯಾಗಿತ್ತು. ಎರಡು ಗಾಜುಗಳ ನಡುವೆ ತುಣುಕನ್ನು ಹಿಚುಕಿ ನೋಡುವದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಬಣ್ಣದ ಸೀಸೆಗಳು, ಮತ್ತು ಸಾವಿರಾರು ಗಾಜುಗಳನ್ನು ನೋಡಿ ಪಳಗಿದ ಒಬ್ಬ ರೋಗಶಾಸ್ತ್ರಜ್ಞ ಬೇಕು. ಆ ಪಳಗಿದ ಕಣ್ಣುಗಳಿರುವ ಊರಿಗೆ ಹೊಸ ಯಂತ್ರ ಬಂದರೆ ಅದು ಸಾರ್ಥಕವಾಗುವದು. ಕಣ್ಣಿಲ್ಲದ ಊರಿಗೆ ಬಂದರೆ, ಬರಿಯ ಪರದೆಯ ಮೇಲಿನ ಚಿತ್ರವಾಗಿ ಉಳಿಯುವದು. ವೈದ್ಯವಿದ್ಯೆಗೆ ಬರುವ ನಮ್ಮ ತರುಣರು ಶಸ್ತ್ರವೈದ್ಯರಾಗಲು ಹಂಬಲಿಸುವಷ್ಟು, ಆ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿರುವ ಕೆಲಸಕ್ಕೆ ಹಂಬಲಿಸುವದಿಲ್ಲ. ಹೆಸರು ಬರುವದು ಕತ್ತಿ ಹಿಡಿದವರಿಗೆ; ಎಲ್ಲಿ ನಿಲ್ಲಬೇಕೆಂದು ಹೇಳುವವರು ಮಾತ್ರ ಆ ಕೋಣೆಯಲ್ಲಿರುವರು.

ಕೊನೆಗೆ ಬಾಗಿಲಲ್ಲಿ ಕಾದು ನಿಂತವರ ಪ್ರಶ್ನೆಗೆ ಮರಳೋಣ. ಗಂಟನ್ನು ಪೂರಾ ತೆಗೆದಿರೇನು? ಗ್ಲಯೋಮಾದ ವಿಷಯದಲ್ಲಿ ಗಾಡ್ಲೀಯಾಗಲಿ, ಕುಶಿಂಗನಾಗಲಿ, ಇಂದು ಬೆಳಗಾವಿಯಲ್ಲಿ ಕೈತೊಳೆದು ಹೊರಬರುವ ವೈದ್ಯರಾಗಲಿ, ಪ್ರಾಮಾಣಿಕರಾಗಿದ್ದರೆ ಕೊಡುವ ಉತ್ತರವು ಒಂದೇ: "ಕಂಡಷ್ಟನ್ನು, ತೆಗೆಯಬಹುದಾದಷ್ಟನ್ನು ತೆಗೆದಿದ್ದೇವೆ." ಉಳಿದುದಕ್ಕೆ ಕಿರಣಚಿಕಿತ್ಸೆಯುಂಟು, ಔಷಧಗಳುಂಟು. ಮಾತಿನ ನೆಲೆಯಲ್ಲಿಯೋ ಕೈಯ ನೆಲೆಯಲ್ಲಿಯೋ ಗಡ್ಡೆಯ ಕೋಶಗಳು ಹೊಕ್ಕಿರುವದನ್ನು ಅಂತರ್ದರ್ಶಕವು ನಿಚ್ಚಳವಾಗಿ ತೋರಿಸಿದರೂ ಅಲ್ಲಿ ಕೈ ತಡೆಯಲೇಬೇಕಾಗುವದು. ಕಂಡದ್ದನ್ನೆಲ್ಲ ತೆಗೆಯಲು ಬಾರದು. ನೂರನಾಲ್ವತ್ತು ವರುಷಗಳಲ್ಲಿ ಆ ಉತ್ತರದ ಶಬ್ದಗಳು ಬದಲಾಗಿಲ್ಲ. ಬದಲಾದದ್ದು "ಕಂಡಷ್ಟು" ಎಂಬ ಮಾತಿನ ಅಳತೆ. ಒಮ್ಮೆ ಅದು ಬೆರಳ ತುದಿಗೆ ತಾಕಿದಷ್ಟಿತ್ತು; ಮುಂದೆ ಹಿಂದಿನ ಕೋಣೆಯ ಗಾಜಿನ ಮೇಲೆ ಕಂಡಷ್ಟಾಯಿತು; ಇಂದು ಬಡಿಯುವ ಮೆದುಳಿನ ಮೇಲೆಯೇ ಒಂದು ಜೀವಕೋಶದಷ್ಟಾಗಿದೆ. ಅದನ್ನು ಕಾಡಿನಂಚಿನ ಹಳ್ಳಿಯಿಂದ ಜೋಲಿಯಲ್ಲಿ ಹೊತ್ತು ತಂದವರಿಗೆ ಅವರ ಮಾತಿನಲ್ಲಿಯೇ ಬಿಡಿಸಿ ಹೇಳುವ ತಾಳ್ಮೆಯೂ ಈ ವಿದ್ಯೆಯ ಒಂದು ಭಾಗವೇ ಸರಿ. ಆ ದಾರಿಗೊಂದು ಸೇತುವೆಯೂ, ಬೆಳಗಾವಿಯ ಆ ಹಿಂದಿನ ಕೋಣೆಯಲ್ಲಿ ಪಳಗಿದ ಕಣ್ಣುಗಳೂ ಬೇಗನೆ ಹೆಚ್ಚಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.